ಮೇಸ್ತ್ರಿಯ ಜೋಡಣೆ, ಮಗಳ ನೋಟಿಸು

ಊರಿನ ನೆಲದಡಿಯ ಕೊಳವೆಗಳೆಲ್ಲ ಮೇಸ್ತ್ರಿಗೆ ಅಂಗೈ ಗೆರೆಯಷ್ಟೇ ಪರಿಚಯ. ಒಳಚರಂಡಿ ಯಾವ ಬೀದಿಯಲ್ಲಿ ಎಷ್ಟು ಆಳ, ಮಳೆನೀರು ಚರಂಡಿ ಎಲ್ಲಿ ತಿರುಗುತ್ತದೆ ಎಂದು ಕೇಳಿದರೆ ಸಾಕು, ಊಟ ಬಿಟ್ಟು ಹೇಳಲು ಕೂರುತ್ತಿದ್ದ. ಆತನ ಇನ್ನೊಂದು ಹೆಮ್ಮೆ ಮಗಳು. ಪುರಸಭೆಯಲ್ಲಿ ಮಳೆನೀರು ಚರಂಡಿಗಳ ಇನ್ಸ್‌ಪೆಕ್ಟರ್. ಈ ಎರಡು ಹೆಮ್ಮೆಗಳು ಒಂದು ದಿನ ಎದುರುಬದುರು ನಿಲ್ಲುತ್ತವೆಂದು ಆತ ಕನಸಿನಲ್ಲೂ ಎಣಿಸಿರಲಿಲ್ಲ.

ಕೆರೆಯ ಮೇಲೆ ವರ್ಷಗಳಿಂದ ಎಣ್ಣೆ ಪಸೆ, ಸೋಪಿನ ನೊರೆ ತೇಲುತ್ತಿದ್ದವು, ಎಲ್ಲಿಂದೆಂದು ಯಾರಿಗೂ ಗೊತ್ತಿರಲಿಲ್ಲ. ಒಳಚರಂಡಿಯ ನೀರಾದರೆ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಮಳೆನೀರು ಚರಂಡಿ ಹಾಗಲ್ಲ, ಬಿದ್ದದ್ದನ್ನು ಬಿದ್ದ ಹಾಗೇ ಕೆರೆಗೆ ಸುರಿಯುತ್ತದೆ. ಅದಕ್ಕೇ ಅದರೊಳಗೆ ಮಳೆ ಬಿಟ್ಟು ಬೇರೇನೂ ಇಳಿಯಬಾರದೆಂದು ಪುರಸಭೆಯ ನಿಯಮ. ಮಗಳು ಬೀದಿಬೀದಿ ಅಲೆದು, ಮುಚ್ಚಳ ಎತ್ತೆತ್ತಿ ನೋಡಿ, ಕೊನೆಗೆ ಗಾಡಿ ತೊಳೆಯುವ ವಾಟರ್ ಸರ್ವಿಸ್ ಅಂಗಡಿಯ ಮುಂದೆ ಬಂದು ನಿಂತಳು.

ಅಂಗಡಿಯವನು ತಕ್ಷಣ ಮೇಸ್ತ್ರಿಗೆ ಫೋನು ಹಚ್ಚಿದ. ಹತ್ತು ನಿಮಿಷದಲ್ಲಿ ಮೇಸ್ತ್ರಿ ಹಾಜರ್.

“ನೋಡಮ್ಮ, ಈ ಪೈಪು ಕೂರಿಸಿದ್ದು ನಿಮ್ಮಪ್ಪನೇ. ಅನುಮಾನ ಇದ್ರೆ ಅವ್ರನ್ನೇ ಕೇಳು,” ಎಂದ ಅಂಗಡಿಯವನು.

“ಅನುಮಾನಾನಾ? ನಾನು ಜೋಡ್ಸಿದ ಪೈಪಲ್ಲಿ?” ಮೇಸ್ತ್ರಿ ಎದೆ ಉಬ್ಬಿಸಿದ. “ನೇರ ಒಳಚರಂಡಿಗೆ ಹೋಗತ್ತೆ. ಹನ್ನೆರಡು ವರ್ಷದಲ್ಲಿ ಒಂದು ಹನಿ ಸೋರಿಲ್ಲ. ಮುಂದಿನ ಅಂಗಡಿ ನೋಡ್ಹೋಗು.”

“ಆಯ್ತಪ್ಪ,” ಎಂದಳು ಮಗಳು. ಹಾಗೆಂದವಳೇ ಚೀಲದಿಂದ ಹಸಿರು ಬಣ್ಣದ ಪುಡಿ ತೆಗೆದು, ಬಕೆಟ್ಟಿನಲ್ಲಿ ಕದಡಿ, ಗಾಡಿ ತೊಳೆಯುವ ಜಾಗದ ಮೋರಿಗೆ ಸುರಿದೇಬಿಟ್ಟಳು. ಮೇಸ್ತ್ರಿಗೆ ಒಳಗೊಳಗೇ ಉರಿಯಿತು. ಅಪ್ಪನ ಮಾತಿಗಿಂತ ಒಂದು ಬಕೆಟ್ ಬಣ್ಣ ಹೆಚ್ಚಾಯಿತೇ ಇವಳಿಗೆ?

ಮಳೆನೀರು ಚರಂಡಿ ಕೆರೆ ಸೇರುವ ಜಾಗಕ್ಕೆ ಮೂವರೂ ನಡೆದರು. “ಬಣ್ಣ ಇಲ್ಲಿಗೆ ಬರಲ್ಲ ಬಿಡು,” ಎನ್ನುತ್ತ ಮೇಸ್ತ್ರಿ ಎರಡು ಸಲ ಗಡಿಯಾರ ನೋಡಿಕೊಂಡ. ಕಾಲು ಗಂಟೆಗೆ ಬಂತು. ಅನುಮಾನಕ್ಕೆ ಜಾಗವೇ ಇಲ್ಲದಷ್ಟು ಹಸಿರಾಗಿ ಬಂತು.

ಆಗ ಮೇಸ್ತ್ರಿಗೆ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಅಂಗಡಿಯ ಮುಂದೆ ಅಗೆದಾಗ ಎರಡೂ ಕೊಳವೆಗಳು ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಇದ್ದವು. ಒಳಚರಂಡಿಯ ಮೇಲೆ ಆತ ಸುಣ್ಣದ ಗುರುತು ಹಾಕಿದ್ದ. ಬೆಳಗಾಗುವುದರೊಳಗೆ ಮಳೆ ಅದನ್ನು ಅಳಿಸಿತ್ತು. ಒಂದು ಚೊಂಬು ನೀರು ಹುಯ್ದು ನೋಡಿದ್ದರೆ ಯಾವುದು ಯಾವುದೆಂದು ತಿಳಿಯುತ್ತಿತ್ತು. ನನಗೆ ಗೊತ್ತಿಲ್ಲದ ಕೊಳವೆಯೇ ಎಂಬ ಜಂಬದಲ್ಲಿ ಎಡಗಡೆಯದಕ್ಕೆ ಜೋಡಿಸಿ ಮಣ್ಣು ಮುಚ್ಚಿದ್ದ.

ಇಂಥ ತಪ್ಪಿಗೆ ಅಂಗಡಿಗೆ ನೋಟಿಸು, ಜೋಡಿಸಿದವನ ಲೈಸೆನ್ಸು ಆರು ತಿಂಗಳು ಅಮಾನತು. ಅಮಾನತಾದವರ ಪಟ್ಟಿಯನ್ನು ಪುರಸಭೆಯ ಬಾಗಿಲಿಗೇ ಅಂಟಿಸುತ್ತಾರೆ. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ಒಂದು ಕಾಗದದಲ್ಲಿ ಮಣ್ಣುಪಾಲಾಗುವುದಿತ್ತು.

“ಜೋಡ್ಸಿದ್ದು ಯಾರೋ ಗೊತ್ತಿಲ್ಲ ಅಂತ ಬರ್ದುಬಿಡಮ್ಮ. ನಾನಂತೂ ಬಾಯಿ ಬಿಡಲ್ಲ,” ಅಂಗಡಿಯವನು ಪಿಸುಗುಟ್ಟಿದ. ಹಾಗೇ ಬರೆಯಲಿ ಎಂದು ಮೇಸ್ತ್ರಿಯ ಮನಸ್ಸು ಆಸೆಪಟ್ಟದ್ದು ನಿಜ, ಸುಳ್ಳೇಕೆ ಹೇಳಬೇಕು.

ಮಗಳ ಪೆನ್ನು ನೋಟಿಸಿನಲ್ಲಿ ಜೋಡಿಸಿದವರ ಹೆಸರಿನ ಸಾಲಿನ ಮೇಲೆ ಬಂದು ನಿಂತಿತು. ಕಣ್ಣು ತುಂಬಿಕೊಂಡಿತ್ತು. ಮನೆಯಲ್ಲಿ ಅಪ್ಪನಿಗೆ ನೀನು ಎನ್ನುವವಳು ಈಗ ಬಹುವಚನ ಹಿಡಿದಳು. “ಅಪ್ಪ, ನಿಮ್ಮ ಲೈಸೆನ್ಸ್ ನಂಬರ್ ಹೇಳಿ.”

ಆ ನಂಬರು ಅವಳಿಗೆ ಚಿಕ್ಕಂದಿನಿಂದ ಬಾಯಿಪಾಠ. ಮೇಸ್ತ್ರಿಗೂ ಅದು ಗೊತ್ತು. ತಪ್ಪನ್ನು ತಾನೇ ಒಪ್ಪಿಕೊಳ್ಳಲಿ ಎಂದು ಅವಕಾಶ ಕೊಡುತ್ತಿದ್ದಾಳೆಂದು ಹೊಳೆದದ್ದೇ ತಡ, ಆತನ ಬಾಗಿದ ಬೆನ್ನು ನೆಟ್ಟಗಾಯಿತು. ಅಂಗಡಿಯವನಿಗೂ ಕೇಳುವಂತೆ ಒಂದೊಂದೇ ಅಂಕಿ ಬಿಡಿಸಿ ಹೇಳಿದ.

ಮುಂದಿನ ವಾರ, ಆತನ ಕೈಯಲ್ಲೇ ಪಳಗಿ ಈಗ ಸ್ವಂತ ಲೈಸೆನ್ಸ್ ಇರುವ ಶಿಷ್ಯ ನೆಲ ಅಗೆದ. ಕರಣೆ ಮುಟ್ಟುವ ಹಾಗಿಲ್ಲದ ಮೇಸ್ತ್ರಿ ಗುಂಡಿಯ ದಡದಲ್ಲಿ ಕೂತ. ಹಳೆಯ ಜೋಡಣೆ ಸುತ್ತಿಗೆಗೆ ಜಪ್ಪಯ್ಯ ಅನ್ನಲಿಲ್ಲ.

“ಏನ್ ಜೋಡ್ಸಿದೀರ ಗುರುಗಳೇ, ಒಡೀತಾನೇ ಇಲ್ಲ!”

“ತಪ್ಪು ಮಾಡಿದ್ರೂ ಗಟ್ಟಿಯಾಗೇ ಮಾಡ್ದೋನು ಕಣೋ ನಾನು.”

ಪಕ್ಕದ ಬಣ್ಣದಂಗಡಿಯವನು ಇಣುಕಿ ಲೊಚಗುಟ್ಟಿದ. “ಅಲ್ಲ ಮೇಸ್ತ್ರಿ, ಸ್ವಂತ ಅಪ್ಪನ ಮೇಲೇ ಬರೆದ್ಲಂತಲ್ಲ ನಿಮ್ಮ ಮಗಳು?”

“ಹೂಂ, ಬರೆದ್ಲು!” ಮೇಸ್ತ್ರಿ ಎದ್ದು ನಿಂತ. ಅಷ್ಟು ಜೋರಾದ ದನಿಯಲ್ಲಿ ಆತ ತನ್ನ ಕೆಲಸದ ಬಗ್ಗೆಯೂ ಎಂದೂ ಹೇಳಿಕೊಂಡಿರಲಿಲ್ಲ. “ಅಪ್ಪನ್ನೇ ಬಿಡದೋಳು ನಿನ್ನ ಬಿಡ್ತಾಳಾ? ಬಣ್ಣದ ಡಬ್ಬ ತೊಳೆದ ನೀರು ಎಲ್ಲಿಗೆ ಹೋಗತ್ತೆ ಅಂತ ಮೊದ್ಲು ನೋಡ್ಕೋ ಹೋಗು.”

ಬಣ್ಣದಂಗಡಿಯವನು ನಿಂತ ಕಾಲಲ್ಲೇ ಅಂಗಡಿಯ ಹಿತ್ತಿಲ ಕಡೆ ಓಡಿದ.