ಕೇಳುವವರ ಮುಖ

ನೀಲಾ ಎರಡೂ ಕೈ ಎತ್ತಿ ಒಂದು ಕ್ಷಣ ಹಾಗೆಯೇ ಹಿಡಿದಳು. ಆಮೇಲೆ ಎಡಗೈ ಮೊದಲು ಇಳಿಯಿತು. ಅದು ಚಿದಂಬರನಿಗೆ ಕೇಳಿಸಿತು. ದೂರದಲ್ಲಿ ಯಾರೋ ತುಂಬಿದ ಗೋಣಿಚೀಲವನ್ನು ಕೆಳಗಿಟ್ಟಂಥ ಒಂದು ದಪ್ಪ ಸದ್ದು, ಅದರ ಬೆನ್ನಿಗೇ ಎರಡು ಸಣ್ಣವು. ಮತ್ತೆ ದಪ್ಪದ್ದು, ಮತ್ತೆ ಎರಡು ಸಣ್ಣವು. ವಾಲ್ಟ್ಜ್ ಅಂದರೆ ಮೂರರ ನಡಿಗೆ ಎಂದು ಅವನಿಗೆ ಗೊತ್ತಿತ್ತು. ಏಳು ವರ್ಷದವಳಿದ್ದಾಗ ನೀಲಾನೇ ಹೇಳಿಕೊಟ್ಟಿದ್ದಳು. ಆದರೆ ಆ ನಡಿಗೆಯ ಮೇಲೆ ಬಲಗೈ ಎಳೆಯುತ್ತಿದ್ದ ರಾಗ ಅವನವರೆಗೆ ಬರಲಿಲ್ಲ. ಮಗಳ ಬೆರಳುಗಳು ಪಿಯಾನೋದ ಬಿಳಿ ಪಟ್ಟಿಗಳ ಮೇಲೆ ಹೋಗಿ ಬರುವುದು ಕಾಣುತ್ತಿತ್ತು. ಅಷ್ಟೇ.

ಅವನು ಕೂತಿದ್ದು ಕೇಳುಗರ ನಡುವೆ ಅಲ್ಲ. ಸಿವಿಲ್ ಲೈನ್ಸಿನ ಆ ಹಳೆಯ ಸಭಾಂಗಣಕ್ಕೆ ಮೂರೂವರೆಗೇ ಬಂದು, ಗೋಡೆಗುಂಟ ಕಾರ್ಯಕರ್ತರಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಒಂದನ್ನು ಹಿಡಿದಿದ್ದ. ಅಲ್ಲಿಂದ ಎಡಕ್ಕೆ ನೋಡಿದರೆ ಪಿಯಾನೋ, ಬಲಕ್ಕೆ ನೋಡಿದರೆ ಕೇಳುವವರ ಮುಖಗಳು. ಆ ಮುಖಗಳಿಗಾಗಿಯೇ ಅವನು ಆ ಜಾಗ ಆರಿಸಿಕೊಂಡಿದ್ದ.

ಮೂವತ್ತೊಂದು ವರ್ಷ ಅವನು ಏರ್‌ಫೋರ್ಸಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ಕಿವಿಗೆ ಮುಚ್ಚಳ ಹಾಕಿಕೊಂಡರೆ ಎಂಜಿನ್ನಿನ ರೋಗ ತಿಳಿಯುವುದಿಲ್ಲ ಎಂದು, ಕೊಟ್ಟ ಮುಚ್ಚಳವನ್ನು ತೆಗೆದು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಬರಿಗಿವಿಯಲ್ಲಿ ಕೇಳಿ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಅದೇ ಕಿವಿಯಿಂದ ಮಗಳ ಪಾಠವನ್ನೂ ಕೇಳುತ್ತಿದ್ದ. ಗದಗಿನ ಕಡೆಯ ಅವನಿಗೆ ಆ ಸಂಗೀತದ ಒಂದಕ್ಷರ ಬರುತ್ತಿರಲಿಲ್ಲ. ಆದರೂ "ಇಲ್ಲಿ ಎಡವಿದಿ ನೋಡು" ಎಂದು ಅವನು ಹೇಳಿದ ಕಡೆ ನೀಲಾ ಎಡವಿಯೇ ಇರುತ್ತಿದ್ದಳು. ಪಾಠ ಹೇಳುತ್ತಿದ್ದ ಫಿಲೋಮಿನಾ ಟೀಚರ್ ಕೂಡ ಒಮ್ಮೆ ಅವನ ಕಡೆ ತಿರುಗಿ, ಇವನಿಗೆ ಹೇಗೆ ತಿಳಿಯಿತೆಂದು ಬೆರಗಾಗಿ, "ಆಪ್ ಕೋ ಕೈಸೇ ಪತಾ ಚಲಾ?" ಎಂದು ಕೇಳಿದ್ದರು.

ನಿವೃತ್ತಿಯಾಗಿ ಕಾಮಠಿಯಲ್ಲಿ ಮನೆ ಮಾಡಿದ ಮೇಲೆ ಕಿವಿ ಮಂದವಾಗತೊಡಗಿತು. ಮನೆಯವರಿಗೆ ಅದು ಸ್ವಲ್ಪ ಗೊತ್ತಿತ್ತು. ಟಿವಿ ಜೋರಾಗಿ ಇಡುತ್ತಾನೆ, ಕರೆದರೆ ತಡವಾಗಿ ತಿರುಗುತ್ತಾನೆ ಎನ್ನುವಷ್ಟು. ಎಷ್ಟು ಹೋಗಿದೆ ಎನ್ನುವುದು ಗೊತ್ತಿದ್ದದ್ದು ಅವನಿಗೆ ಮತ್ತು ಡಾಕ್ಟರಿಗೆ ಮಾತ್ರ. ಡಾಕ್ಟರು ಬರೆದುಕೊಟ್ಟ ಕಿವಿಯ ಯಂತ್ರ ಹಾಕಿಕೊಂಡು ಮಗಳ ಹಳೆಯ ರೆಕಾರ್ಡಿಂಗ್ ಕೇಳಿದಾಗ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಚಮಚಗಳನ್ನು ಸುರಿದಂತೆ ಕೇಳಿಸಿತು. ಅದನ್ನು ತೆಗೆದು ಕಪಾಟಿನಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ.

ಆಗ ನೀಲಾ ಚೆನ್ನೈಯಲ್ಲಿ ಎರಡು ವರ್ಷದ ಪಿಯಾನೋ ಕೋರ್ಸಿಗೆ ಹೋಗಿದ್ದಳು. ಈಗ ವಾಪಸು ಬಂದು ಮೂರು ತಿಂಗಳು. ಫಿಲೋಮಿನಾ ಟೀಚರಿಗೆ ವಯಸ್ಸಾಗಿತ್ತು. ತಮ್ಮ ನಲವತ್ತು ಮಕ್ಕಳ ತರಗತಿಯನ್ನು ನಡೆಸಿಕೊಂಡು ಹೋಗು ಎಂದು ಅವಳನ್ನು ಕೇಳಿದ್ದರು. ಅದೇ ವಾರ ಬ್ಯಾಂಕಿನ ನೇಮಕಾತಿ ಪತ್ರವೂ ಬಂತು: ವರ್ಧಾ ಶಾಖೆ, ಸೋಮವಾರ ಹಾಜರಾಗಬೇಕು. ಆಡಿಟ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದಿದ್ದ ತಾಯಿ ವಿಮಲಾಗೆ ಇದರಲ್ಲಿ ಯೋಚಿಸುವುದೇನೂ ಕಾಣಲಿಲ್ಲ. ಮನೆಯಲ್ಲಿ ನಾಲ್ಕು ದಿನ ಮಾತು ಬೆಳೆಯಿತು. ಕೊನೆಗೆ ನೀಲಾ ಹೇಳಿದಳು: "ಐತವಾರ ಕಾರ್ಯಕ್ರಮದಾಗ ಬಾರಸ್ತೀನಿ. ಅಪ್ಪ ಕೇಳಿ ಹೇಳ್ಲಿ. ಖರೇನ ಚಲೋ ಐತಿ ಅಂದ್ರ ಬ್ಯಾಂಕ್ ಬಿಡ್ತೀನಿ. ಇಲ್ಲಂದ್ರ ಸುಮ್ಮನ ವರ್ಧಾಕ್ಕ ಹೋಗ್ತೀನಿ."

ವಿಮಲಾ ಕಾರ್ಯಕ್ರಮಕ್ಕೆ ಬರಲಿಲ್ಲ. ಬಂದರೆ ಒಪ್ಪಿದಂತಾಗುತ್ತದೆ ಎಂದಳು. ಚಿದಂಬರ ಬಂದ.

ಈಗ ಅವನು ಮುಖಗಳನ್ನು ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಫೌಜಿನವನಂತೆ ನೆಟ್ಟಗೆ ಕೂತಿದ್ದ ಮುದುಕನೊಬ್ಬ ಕೈಕೋಲಿನ ಹಿಡಿಯ ಮೇಲೆ ಗದ್ದ ಊರಿದ್ದ. ಅವನ ಪಕ್ಕದಲ್ಲಿ ಇಬ್ಬರು ನನ್‌ಗಳು. ಎರಡನೇ ಸಾಲಿನಲ್ಲಿ ದಪ್ಪಗಿನ ಮನುಷ್ಯನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೂರನೇ ಸಾಲಿನ ಹಳದಿ ಶಾಲಿನ ಹೆಂಗಸು, ಮೊದಲು ಬಾರಿಸಿ ಹೋದ ಯಾರದೋ ತಾಯಿ ಇರಬೇಕು, ಮಡಿಲಲ್ಲಿದ್ದ ಚೀಲದಲ್ಲಿ ಟಿಫಿನ್ ಡಬ್ಬಿ ತುರುಕಿ ಜಿಪ್ ಎಳೆಯುತ್ತಿದ್ದಳು. ಕೊನೆಯ ಸಾಲಿನಲ್ಲಿ ಒಂದು ಎಳೆಯ ಜೋಡಿ ಪಿಸುಗುಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಜೋಡಿ ಸುಮ್ಮನಾಯಿತು. ನನ್‌ಗಳಲ್ಲಿ ಕಿರಿಯವಳ ತಲೆ ಕಂಡೂ ಕಾಣದಂತೆ ತೂಗತೊಡಗಿತು. ಎಡಗೈಯ ಸದ್ದು ಒಮ್ಮೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಚಿದಂಬರನಿಗೆ ಏನೂ ಇಲ್ಲ. ಆಗ ಹಳದಿ ಶಾಲಿನ ಹೆಂಗಸಿನ ಕೈ ಜಿಪ್ಪಿನ ಅರ್ಧದಲ್ಲಿ ನಿಂತದ್ದನ್ನು ಅವನು ನೋಡಿದ. ಸದ್ದು ಮತ್ತೆ ಶುರುವಾದ ಮೇಲೂ ಆ ಕೈ ಅಲ್ಲೇ ಉಳಿಯಿತು. ಚಲೋ ನಡೆದಿದೆ, ಅಂದುಕೊಂಡ.

ಆಮೇಲೆ ವೇಗದ ಭಾಗ ಬಂತು. ನೀಲಾಳ ಮೊಣಕೈಗಳು ದೇಹದಿಂದ ದೂರ ಸರಿದು ಬೆರಳುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಮುಖಗಳು ಮೇಲೆದ್ದವು. ಅಷ್ಟರಲ್ಲಿ ಏನೋ ಆಯಿತು. ಹಿರಿಯ ನನ್ ಹುಬ್ಬು ಗಂಟಿಕ್ಕಿದಳು. ಮುದುಕ ಕೋಲಿನಿಂದ ಗದ್ದ ಎತ್ತಿದ. ನಿದ್ದೆ ಹೋಗಿದ್ದವನು ಬೆಚ್ಚಿ ಎದ್ದ. ವೇದಿಕೆಯ ಪರದೆಯ ಪಕ್ಕ ನಿಂತಿದ್ದ ಫಿಲೋಮಿನಾ ಟೀಚರ್ ಕಣ್ಣು ಮುಚ್ಚಿಕೊಂಡರು. ನೀಲಾಳ ಬೆನ್ನು ಒಂದು ಕ್ಷಣ ಸೆಟೆದದ್ದು ಅವನಿಗೆ ಸ್ಪಷ್ಟವಾಗಿ ಕಂಡಿತು.

ತಪ್ಪಿದಳು, ಅಂದುಕೊಂಡ ಚಿದಂಬರ.

ಒಂದೊಂದಾಗಿ ಮುಖಗಳು ಅವನ ಕಡೆ ತಿರುಗಿದವು. ಹುಡುಗಿಯ ತಂದೆ ಇವನೇ ಎಂದು ಇವರಿಗೆಲ್ಲ ಹೇಗೆ ತಿಳಿಯಿತು ಎಂದು ಅವನಿಗೆ ಆಶ್ಚರ್ಯವಾಯಿತು. ಹಳದಿ ಶಾಲಿನವಳ ನೋಟದಲ್ಲಿ ಸಿಟ್ಟೇ ಇತ್ತು. ಮಗಳು ಒಂದು ಕಡೆ ತಪ್ಪಿದ್ದಕ್ಕೆ ತಂದೆಯನ್ನು ಹೀಗೆ ನೋಡಬೇಕೆ? ಪಕ್ಕದಲ್ಲಿ ಕೂತಿದ್ದ ಕಾರ್ಯಕರ್ತೆ ಬಾಗಿ, ಅವನ ತೋಳು ಮುಟ್ಟಿ ಏನೋ ಹೇಳಿದಳು. ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡು ಅವನು ಕೈ ಮುಗಿದ. ಅವಳು ಅವನನ್ನೇ ದಿಟ್ಟಿಸಿ ನೋಡಿ, ಮತ್ತೊಮ್ಮೆ ಅದನ್ನೇ ಹೇಳಿದಳು. ಅವನು ಮತ್ತೊಮ್ಮೆ ಕೈ ಮುಗಿದ. ಅವಳು ಹಿಂದಕ್ಕೆ ಒರಗಿ ಬೇರೆ ಕಡೆ ನೋಡಿದಳು.

ನೀಲಾ ನಿಲ್ಲಲಿಲ್ಲ. ಮುಖಗಳು ನಿಧಾನವಾಗಿ ಪಿಯಾನೋದ ಕಡೆ ಹೋದವು. ಮೊದಲಿನ ಭಾಗ ಮರಳಿ ಬಂತು. ಗೋಣಿಚೀಲದ ಸದ್ದು ಈಗ ಇನ್ನೂ ಮೆತ್ತಗಿತ್ತು. ಕೊನೆಯ ಸದ್ದು ಮುಗಿದು ಅವಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ ಮೇಲೂ ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಎಲ್ಲರ ಕೈಗಳೂ ಒಟ್ಟಿಗೆ ಬಡಿಯುವುದು ಕಂಡಿತು.

ಹೊರಗೆ ಅಂಗಳದಲ್ಲಿ ಚಹಾ ಕೊಡುತ್ತಿದ್ದರು. ಸಂಜೆಯ ಚಳಿ ಇಳಿಯುತ್ತಿತ್ತು. ನೀಲಾಳ ಸುತ್ತ ಏಳೆಂಟು ಜನ ನಿಂತಿದ್ದರು. ಕೋಲಿನ ಮುದುಕ "ಖೂಪ್ ಛಾನ್, ಬೇಟಾ" ಎಂದು ಮೆಚ್ಚಿ ಅವಳ ತಲೆ ಮುಟ್ಟಿದ. ಅವಳು ಎಲ್ಲರಿಗೂ ನಗುತ್ತ ಉತ್ತರ ಕೊಟ್ಟು, ಬಿಡಿಸಿಕೊಂಡು, ನೇರ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ಹೇಳು."

"ಚಲೋ ಆತು."

"ಅಷ್ಟನ? ಬರೋಬರ್ ಹೇಳು."

ಒಳಗೆ ಕೂತಾಗಲೇ ಅವನು ಮಾತು ಜೋಡಿಸಿಕೊಂಡಿದ್ದ. "ನಡುವ ಒಂದ್ ಕಡೆ ತಪ್ಪಿದಿ. ಆದ್ರ ನಿಲ್ಲಲಿಲ್ಲ ನೋಡು, ಹಂಗ ಮುಂದ ಹೋದಿ. ಅದು ಭಾಳ ದೊಡ್ಡದು."

ನೀಲಾಳ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು, ಕಣ್ಣು ಮಾತ್ರ ಬದಲಾಯಿತು. "ಎಲ್ಲಿ ತಪ್ಪಿದೆ?"

"ಆ ಜಲ್ದಿ ಜಲ್ದಿ ಬರ್ತೈತಲ್ಲ, ಅಲ್ಲೆ. ಮಂದಿ ಎಲ್ಲಾ ತಿರುಗಿ ನನ್ನ ಕಡೆ ನೋಡಿದ್ರು."

"ಅಪ್ಪಾ." ಅವಳು ಒಂದು ಹೆಜ್ಜೆ ಹತ್ತಿರ ಬಂದು, ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು. "ಅಲ್ಲಿ ನಾ ತಪ್ಪಿಲ್ಲ. ನಿನ್ನ ಫೋನ್ ಹೊಡಕೊಳ್ಳಾಕತ್ತಿತ್ತು. ನಿನ್ನ ಕುರ್ಚಿ ಕೆಳಗಿನ ಚೀಲದಾಗ. ಎರಡು ಸಲ. ಯಾಕ ಬಂದ್ ಮಾಡವಲ್ಲಿ ಅಂತ ಎಲ್ಲಾರೂ ನಿನ್ನನ್ನ ನೋಡಿದ್ರು."

ಚಿದಂಬರ ಕೈಯಲ್ಲಿದ್ದ ಬಟ್ಟೆಯ ಚೀಲಕ್ಕೆ ಕೈ ಹಾಕಿ ಫೋನು ತೆಗೆದ. ವಿಮಲಾಳ ಹೆಸರು, ಎರಡು ಕರೆ. ಅವನು ಆ ಪರದೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

"ಎಷ್ಟು ಕೇಳಿಸ್ತು ನಿನಗ?" ಎಂದಳು ನೀಲಾ. "ನಾ ಬಾರಿಸಿದ್ದು."

"ಎಡಗೈದು ಕೇಳಿಸ್ತು. ಬಲಗೈದು ಇಲ್ಲವ್ವಾ."

"ಎಂದಿಂದ ಹಿಂಗ?"

"ಒಂದು ವರ್ಷದ ಮ್ಯಾಲಾತು."

ಅವಳು ಲೆಕ್ಕ ಹಾಕುವುದು ಅವನಿಗೆ ಕಂಡಿತು. "ಹಂಗಾರ ಚೆನ್ನೈಯಿಂದ ಆಡಿಯೋ ಕಳಸ್ತಿದ್ದೆನಲ್ಲ. ಎರಡನೇ ಸಾಲು ಎಳದಿ ಅಂತಿದ್ದಿ. ಕಡೀಕ ಚಲೋ ಬಂತು ಅಂತಿದ್ದಿ. ಅವೆಲ್ಲಾ?"

"ಮೊದಲ ವರ್ಷದ್ದು ಖರೇನ ಕೇಳಿ ಹೇಳಿದ್ದು."

"ಆಮ್ಯಾಲಿಂದು?"

"ಅಂದಾಜಿನ ಮ್ಯಾಲೆ."

"ಪರೀಕ್ಷಾಕ್ಕ ಯಾವುದು ಬಾರಸ್ಲಿ ಅಂತ ನಿನ್ನ ಕೇಳಿದ್ದೆ, ಅಪ್ಪಾ. ನೀ ಹೇಳಿದ್ದನ್ನ ಬಾರಿಸಿದೆ." ಅವಳ ದನಿ ಏರಿರಬೇಕು, ಚಹಾದ ಮೇಜಿನ ಹತ್ತಿರ ಇಬ್ಬರು ತಿರುಗಿ ನೋಡಿದರು. "ಇವತ್ತೂ ಹಂಗ ಅಂದಾಜು ಹೊಡದಿ. ಬ್ಯಾಂಕ್ ಬಿಡಬೇಕೋ ಬ್ಯಾಡೋ ಅನ್ನೋದನ್ನೂ ಅಂದಾಜಿನ ಮ್ಯಾಲೆ ಹೇಳಾಂವ ಇದ್ದಿ."

ಅವಳು ತಿರುಗಿ ಹೋಗಿ ಸಭಾಂಗಣದ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಅವನು ಕೂಡಲೇ ಹಿಂದೆ ಹೋಗಲಿಲ್ಲ. ಚಹಾ ಕುಡಿದು ಮುಗಿಸಿದ. ಕಾರುಗಳು, ಸ್ಕೂಟರುಗಳು ಒಂದೊಂದಾಗಿ ಗೇಟು ದಾಟಿದವು. ಒಳಗೆ ಇಬ್ಬರು ಕೆಲಸದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅಂಗಳ ಖಾಲಿಯಾದ ಮೇಲೆ ಅವನು ಹೋಗಿ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ಕೇಳಿದ್ದು ಹೇಳಾಕ ನನಗ ಬರಂಗಿಲ್ಲ," ಎಂದ. "ನೋಡಿದ್ದು ಹೇಳ್ತೀನಿ. ಬ್ಯಾಡಂದ್ರ ಸುಮ್ಮನ ಇರ್ತೀನಿ."

ನೀಲಾ ಬೇಡ ಎನ್ನಲಿಲ್ಲ.

ಅವನು ಶುರು ಮಾಡಿದ. ಎಂಜಿನ್ನಿನ ವರದಿ ಬರೆಯುವಾಗ ಹೇಗೋ ಹಾಗೆ, ಇದ್ದದ್ದನ್ನು ಇದ್ದ ಕ್ರಮದಲ್ಲಿ. ಹಿಂದಿನ ಸಾಲಿನ ಜೋಡಿ ಮಾತು ನಿಲ್ಲಿಸಿದ್ದು. ಸಣ್ಣ ನನ್ ತಲೆ ತೂಗಿದ್ದು. ಹಳದಿ ಶಾಲಿನ ಹೆಂಗಸು ಚೀಲದ ಜಿಪ್ಪನ್ನು ಅರ್ಧ ಎಳೆದು ಮರೆತದ್ದು.

"ಅದು ಎಲ್ಲಿ?" ಎಂದಳು ನೀಲಾ ಇದ್ದಕ್ಕಿದ್ದಂತೆ.

"ಎಡಗೈ ಸುಮ್ಮನಾತಲ್ಲ ಒಮ್ಮೆ. ಒಂದು ಉಸಿರಿನಷ್ಟು. ಅಲ್ಲೆ."

"ಅಲ್ಲಿ ನಾ ತಡದೆ." ಅವಳು ಅಪ್ಪನ ಮುಖ ನೋಡಲಿಲ್ಲ. "ಪುಸ್ತಕದಾಗ ಹಂಗಿಲ್ಲ. ತಡೀಬ್ಯಾಡ ಅಂತ ಟೀಚರೂ ಹೇಳಿದ್ರು. ಬಾರಸೋವಾಗ ತಡೀಬೇಕು ಅನ್ನಿಸ್ತು." ಆಮೇಲೆ, "ಆಕಿ ಜಿಪ್ ಎಳಿಯೋದು ಪೂರ್ತಿ ಮರತ ಬಿಟ್ಲಾ?" ಎಂದಳು.

"ಪೂರ್ತಿ. ನನ್ನ ಫೋನ್ ಹೊಡಕೊಳ್ಳೋ ತನಕ ಆಕೀ ಕೈ ಅಲ್ಲೇ ಇತ್ತು."

ನೀಲಾಳ ಮೂಗಿನಿಂದ ಒಂದು ಸಣ್ಣ ಉಸಿರು ಹೊರಬಂತು. ನಗುವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

"ಒಬ್ಬ ದಪ್ಪನಾಂವ ಮೊದಲಿಂದ ಮಲಗಿದ್ದ," ಎಂದು ಮುಂದುವರಿಸಿದ. "ಫೋನಿಗೆ ಎದ್ದ. ಆಮ್ಯಾಲೆ ಮಲಗಲಿಲ್ಲ. ಕಡೀಕ, ಮೊದಲಿನದ ಮತ್ತ ಬಂತಲ್ಲ, ಅಲ್ಲಿ ಹಿಂದಿನ ಜೋಡ್ಯಾಗಿನ ಹುಡುಗ ಎರಡು ಸಲ ಗಡಿಯಾರ ನೋಡಿಕೊಂಡ."

"ಹೌದು," ಎಂದಳು ನೀಲಾ. "ಅಲ್ಲಿ ಎಳದೆ. ಬಾರಸೋವಾಗನ ನನಗ ಗೊತ್ತಾತು."

"ಫೋನಿಂದ ಏನರ ಕೆಡ್ತೇನು?"

"ಕೆಡಲಿಲ್ಲ. ಹೆದರಿದೆ. ಬೆರಳು ತಾವ ಹೋದವು." ಅವಳು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ನೋಡಿಕೊಂಡಳು. "ಅಪ್ಪಾ, ಚಲೋ ಬಾರಿಸಿದೆ ನಾ ಇವತ್ತು."

ಅವನು ಮಗಳ ತುಟಿಗಳನ್ನೇ ನೋಡುತ್ತಿದ್ದ. ಆ ಮಾತು ಅವನಿಗೆ ಪೂರ್ತಿ ಸಿಕ್ಕಿತು.

ನೀಲಾ ಅವನ ಕೈಯಿಂದ ಫೋನು ತೆಗೆದುಕೊಂಡು ಮನೆಗೆ ಹಚ್ಚಿದಳು. ಮೊದಲ ರಿಂಗಿಗೇ ವಿಮಲಾ ಎತ್ತಿಕೊಂಡಿರಬೇಕು. ನೀಲಾ ಕೇಳಿಸಿಕೊಂಡು, "ಹೂಂ, ಬಾರಿಸಿದೆ... ಇಲ್ಲ, ಅಂಜಲಿಲ್ಲ... ಹೂಂ, ಸ್ವೆಟರ್ ಹಾಕ್ಕೊಂಡೀನಿ" ಎಂದಳು. ಆಮೇಲೆ ಎದ್ದು ನಿಂತು ನಾಲ್ಕು ಹೆಜ್ಜೆ ಆಚೆ ಹೋದಳು. ಚಿದಂಬರ ಅವಳ ಬೆನ್ನು ನೋಡುತ್ತ ಕೂತ. ಮಾತು ಬಹಳ ಹೊತ್ತು ನಡೆಯಿತು. ನಡುವೆ ಒಮ್ಮೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

ವಾಪಸು ಬಂದು, "ವರ್ಧಾಕ್ಕ ಹೋಗಂಗಿಲ್ಲ ಅಂತ ಹೇಳೀನಿ," ಎಂದಳು. "ಅಮ್ಮ ಸಿಟ್ಟಿಗೆದ್ದಾಳ. ಮನ್ಯಾಗ ನೀ ನಡುವ ಮಾತಾಡಬ್ಯಾಡ. ನಾನ ಮಾತಾಡ್ತೀನಿ."

"ಆತು."

"ನಿನ್ನ ಕಿವೀದೂ ಹೇಳ್ತೀನಿ."

ಅವನು ಅವಳ ಕೈಯಿಂದ ಫೋನು ತೆಗೆದು ಚೀಲಕ್ಕೆ ಹಾಕಿ, "ಆತು," ಎಂದ.

ಕಾಮಠಿಯ ಬಸ್ಸು ತುಂಬಿತ್ತು. ಕೋರಾಡಿಯ ದೇವಿಗೆ ಹೋಗಿ ಬಂದ ಹೆಂಗಸರು ತೆಂಗಿನಕಾಯಿಯ ಹೋಳುಗಳನ್ನು ಸೆರಗಿನಲ್ಲಿ ಇಟ್ಟುಕೊಂಡು ಮುಂದಿನ ಸೀಟುಗಳಲ್ಲಿ ಒತ್ತಿಕೊಂಡು ಕೂತಿದ್ದರು. ಹಿಂದೆ ಎರಡು ಜಾಗ ಸಿಕ್ಕವು. ನೀಲಾ ಅವನನ್ನು ಕಿಟಕಿಯ ಕಡೆ ಹೋಗಗೊಟ್ಟು, ತಾನು ಅಂಚಿನಲ್ಲಿ ಕೂತಳು. ಬಸ್ಸು ಹೊರಟಾಗ ನೆಲದ ನಡುಕ ಅವನ ಅಂಗಾಲಿಗೆ ಹತ್ತಿತು. ಅವಳು ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ದಣಿದಿದ್ದಳು.

ಕಂಡಕ್ಟರ್ ಬಂದು ಅವನ ಕಡೆ ಬಾಗಿ ಏನೋ ಕೇಳಿದ. ಎಲ್ಲಿಗೆ ಎಂದು ಕೇಳಿರಬೇಕು. ಎಷ್ಟು ಎಂದಾದರೂ ಕೇಳಿರಬಹುದು, ಚಿಲ್ಲರೆ ಇದೆಯಾ ಎಂದಾದರೂ. ಚಿದಂಬರ ಅವನ ಬಾಯಿಯನ್ನು ನೋಡಿದ. ಆಮೇಲೆ ಮಗಳ ಮೊಣಕೈಯನ್ನು ಮೆಲ್ಲಗೆ ತಟ್ಟಿದ.

"ಏನಂದ?" ಎಂದು ಕೇಳಿದ.

ನೀಲಾ ಕಣ್ಣು ತೆರೆದಳು. ಕಂಡಕ್ಟರನನ್ನು ನೋಡಿ, ಅಪ್ಪನ ಕಡೆ ಪೂರ್ತಿ ತಿರುಗಿ, "ಎಲ್ಲಿ ಇಳೀತೀರಿ ಅಂತ," ಎಂದಳು.

"ಕಾಮಠಿ," ಎಂದು ಚಿದಂಬರ ಎರಡು ಬೆರಳು ಎತ್ತಿ ತೋರಿಸಿದ.