ಐದು ನಿಮಿಷ, ಹತ್ತು ಜನ

ಲಿಫ್ಟಿನ ಹಿಂಬದಿಯ ತಗಡಿಗೆ ನಾಲ್ಕು ಸ್ಕ್ರೂಗಳಿದ್ದವು. ಮೂರನ್ನು ಬಿಚ್ಚಿಯಾಗಿತ್ತು, ನಾಲ್ಕನೆಯದು ಬಣ್ಣ ಬಳಿದವರ ಕೃಪೆಯಿಂದ ತಗಡಿಗೇ ಅಂಟಿಕೊಂಡು ಹಟ ಹಿಡಿದಿತ್ತು. ಮೆಕ್ಯಾನಿಕ್ ಮಂಡಿಯೂರಿ ಕೂತು ಸ್ಕ್ರೂಡ್ರೈವರಿನ ಮೊನೆಯಿಂದ ಬಣ್ಣ ಕೆರೆಯುತ್ತಿದ್ದ. ಅವನ ಬೆನ್ನ ಹಿಂದೆ, ನಾಲ್ಕನೇ ಮಹಡಿಯ ವರಾಂಡದಲ್ಲಿ, ದೊಡ್ಡ ಟೀಚರ್ ಬಿಳಿ ಬಟ್ಟೆ ಹೊದ್ದು ಸ್ಟ್ರೆಚರಿನ ಮೇಲೆ ಮಲಗಿದ್ದರು.

"ಮೆಟ್ಟಿಲಲ್ಲೇ ಇಳಿಸಿಬಿಡೋಣ ಸಾರ್," ಎಂದ ವ್ಯಾನಿನ ಡ್ರೈವರ್. "ಈ ಡಬ್ಬದೊಳಗೆ ಇದು ಹಿಡಿಸಲ್ಲ. ಒಂದಡಿ ಸಾಲದು."

"ಸ್ವಲ್ಪ ತಡಿಯಪ್ಪ," ಎಂದರು ದರ್ಜಿ. ಸತ್ತವರ ತಮ್ಮ ಅವರು. ಆ ಮನೆಯಲ್ಲಿದ್ದದ್ದು ಅಕ್ಕ ತಮ್ಮ ಇಬ್ಬರೇ. "ಅಕ್ಕನಿಗೆ ಕುಲುಕಾಟ ಅಂದ್ರೆ ಆಗ್ತಿರಲಿಲ್ಲ. ಬಸ್ಸಲ್ಲೂ ಮುಂದಿನ ಸೀಟೇ ಬೇಕಿತ್ತು ಅವಳಿಗೆ."

ಸ್ಕ್ರೂ ಕೊನೆಗೂ ಸೋತಿತು. ತಗಡನ್ನು ಸರಿಸಿದಾಗ ಹಿಂದೆ ಒಂದೂವರೆ ಅಡಿ ಆಳದ ಗೂಡು ಕಾಣಿಸಿತು. ಮಲಗಿದವರನ್ನು ಮಲಗಿದ ಹಾಗೆಯೇ ಇಳಿಸಲೆಂದು ಲಿಫ್ಟ್ ಮಾಡಿದವರು ಬಿಟ್ಟಿದ್ದ ಜಾಗ.

"ಮೂವತ್ತು ವರ್ಷ ಹತ್ತಿ ಇಳಿದಿದ್ದೀನಿ. ಇಲ್ಲಿ ಇಂಥದ್ದೊಂದು ಇದೆ ಅಂತಾನೇ ಗೊತ್ತಿರಲಿಲ್ಲ ನೋಡು," ಎಂದರು ದರ್ಜಿ.

"ಯಾರಿಗೂ ಗೊತ್ತಿರಲ್ಲ ಬಿಡಿ. ಬೇಕಾಗೋದೇ ಒಂದು ಸಲ," ಎಂದ ಮೆಕ್ಯಾನಿಕ್. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ದರ್ಜಿ ಮಾತ್ರ ನಕ್ಕುಬಿಟ್ಟರು. ಬೆಳಗಿನಿಂದ ಅವರು ನಕ್ಕಿದ್ದು ಅದೇ ಮೊದಲು.

ಸ್ಟ್ರೆಚರನ್ನು ಒಳಗೆ ತಳ್ಳುವಾಗ ಮೆಟ್ಟಿಲ ಕಡೆಯಿಂದ ಯಾರೋ "ಬಾಗಿಲು!" ಎಂದು ಕರೆದರು. ಅದು ಮೆಕ್ಯಾನಿಕ್ಕಿನ ಶಾಲೆಯ ದಿನಗಳ ಅಡ್ಡಹೆಸರು, ಕಿವಿಗೆ ಬಿದ್ದು ಹದಿನೆಂಟು ವರ್ಷವಾಗಿತ್ತು. ತಿರುಗಿದರೆ ಸಣ್ಣ ಟೀಚರ್ ನಿಂತಿದ್ದರು. ದೊಡ್ಡ ಟೀಚರ್ ಜೊತೆ ಶಾಲೆಯ ಒಂದೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರು. ಹೆಸರಿಗಷ್ಟೇ ಸಣ್ಣ, ಈಗ ಅವರ ತಲೆಯೂ ಅರ್ಧ ಬೆಳ್ಳಗಾಗಿತ್ತು. ಕೈಯಲ್ಲೊಂದು ಹಳದಿ ಫೈಲಿತ್ತು.

"ಇದು ಅವರ ಕೈಚೀಲದಲ್ಲಿತ್ತು. ನಿಂದೇ. ಈ ತಿಂಗಳ ಕೊನೆಗೆ ನಮ್ಮ ಕೋಣೆ ಮುಚ್ತಾರಂತೆ. ಮುಗಿಯದ ಫೈಲೆಲ್ಲ ರದ್ದಿಗೆ. ನಿನ್ನ ಹೆಸರಿನ ಮುಂದೆ 'ಓದು ಬಿಟ್ಟವನು' ಅಂತ ಪೆನ್ನಲ್ಲಿ ಬರೀತಾರೆ."

"ಇವತ್ತು ಯಾಕೆ ಟೀಚರ್ ಅದೆಲ್ಲ?"

"ಇವತ್ತೇ ಕಣೋ. ಚಿತಾಗಾರದಲ್ಲಿ ಜನ ಇರ್ತಾರೆ, ಯಾರಾದರೂ ನಾಲ್ಕು ಮಾತಾಡಲೇಬೇಕು. ನೀನು ಮಾತಾಡು, ನಾನು ಸಹಿ ಹಾಕ್ತೀನಿ. ಉಳಿದಿರೋದು ಅದೊಂದೇ ತಾನೆ?"

ಅವನನ್ನು ಸೂಪರ್‌ವೈಸರ್ ಮಾಡುತ್ತೇವೆಂದು ಕಂಪನಿಯವರು ಮೂರು ಸಲ ಶಾಲೆಯ ಸರ್ಟಿಫಿಕೇಟ್ ಕೇಳಿದ್ದರು. ಮೂರು ಸಲವೂ ಅವನು "ಮನೇಲಿ ಎಲ್ಲೋ ಇದೆ, ಹುಡುಕ್ತೀನಿ" ಎಂದಿದ್ದ. ಹೆಂಡತಿಗೂ ಅದನ್ನೇ ಹೇಳಿದ್ದ. ಪಾಪ, ಅವಳು ಎರಡು ಸಲ ಬೀರು ಪೂರ್ತಿ ಖಾಲಿ ಮಾಡಿ ಹುಡುಕಿದ್ದಳು.

*

ಶಾಲೆಯ ಹಿಂಬದಿ, ಮುರಿದ ಬೆಂಚುಗಳನ್ನು ಒಟ್ಟುವ ಜಾಗದ ಪಕ್ಕ ಆ ಕೋಣೆಯಿತ್ತು. ಉಳಿದ ತರಗತಿಗಳು ಕೈತೊಳೆದುಕೊಂಡ ಮಕ್ಕಳೆಲ್ಲ ಅಲ್ಲಿಗೆ ಬರುತ್ತಿದ್ದರು. ಬೆಳಗ್ಗೆ ಬಂದರೂ ಸರಿ, ಮಧ್ಯಾಹ್ನ ಬಂದರೂ ಸರಿ. ವರ್ಷಕ್ಕೆ ಎರಡೇ ವಿಷಯ ಓದಿದರೂ ಸರಿ. ಒಬ್ಬಳು ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಲೆಕ್ಕ ಮಾಡುತ್ತಿದ್ದಳು. ಆಗ ಹುಡುಗನಾಗಿದ್ದ ಮೆಕ್ಯಾನಿಕ್ ಗ್ಯಾರೇಜಿನಲ್ಲಿ ಕಾರು ತೊಳೆದು ಮೂರು ಗಂಟೆಗೆ ಒದ್ದೆ ಪ್ಯಾಂಟಿನಲ್ಲಿ ಬರುತ್ತಿದ್ದ. ಬಾಗಿಲು ಮುಚ್ಚಿದರೆ ಅವನಿಗೆ ಮೈ ಬೆವರುತ್ತಿತ್ತು. ದೊಡ್ಡ ಟೀಚರ್ ಏನೂ ಕೇಳಲಿಲ್ಲ. ದಪ್ಪನೆಯ ಡಿಕ್ಷನರಿಯೊಂದನ್ನು ಬಾಗಿಲಿಗೆ ಅಡ್ಡ ಇಟ್ಟು, ಅದರ ಪಕ್ಕದಲ್ಲೇ ಅವನ ಕುರ್ಚಿ ಹಾಕಿದರು. ಅಡ್ಡಹೆಸರು ಬಂದದ್ದು ಹಾಗೆ.

ಸರ್ಟಿಫಿಕೇಟಿಗೆ ಹನ್ನೆರಡು ಕೆಲಸ ಮುಗಿಸಬೇಕು. ಒಂದೊಂದಕ್ಕೂ ಒಂದೊಂದು ಹಾಳೆ. ಮುಗಿದರೆ ಪೆನ್ನಿನಲ್ಲಿ ಸಹಿ, ಮುಗಿಯದಿದ್ದರೆ ಪೆನ್ಸಿಲಿನಲ್ಲಿ 'ಇನ್ನೂ ಇಲ್ಲ'.

"ಫೇಲ್ ಅಂತಾನೇ ಬರೀರಿ ಟೀಚರ್, ನಮಗೆ ಅಭ್ಯಾಸ ಆಗಿದೆ."

"ನನ್ನ ಪೆನ್ನಲ್ಲಿ ಅಷ್ಟೊಂದು ಇಂಕಿಲ್ಲ ಕಣೋ. ನಾಳೆ ಇನ್ನೊಂದು ಸಲ ಮಾಡು."

ಹಾಗೆ ನಾಳೆ ನಾಳೆ ಎನ್ನುತ್ತಲೇ ಹನ್ನೊಂದು ಮುಗಿದವು. ಹನ್ನೆರಡನೆಯದು ಮಾತು: ನಿನಗೆ ಗೊತ್ತಿರುವ ಒಬ್ಬರ ಬಗ್ಗೆ, ಹತ್ತು ಜನರ ಮುಂದೆ, ಚೀಟಿ ನೋಡದೆ, ಐದು ನಿಮಿಷ. ಅವನು ಎದ್ದು ನಿಂತು "ನಮ್ಮಜ್ಜಿ..." ಎಂದ. ಅಷ್ಟೇ. ಯಾರೂ ನಗಲಿಲ್ಲ, ನಕ್ಕಿದ್ದರೆ ಜಗಳವಾಡಿಯಾದರೂ ಬದುಕಿಕೊಳ್ಳುತ್ತಿದ್ದ. ಡಿಕ್ಷನರಿ ದಾಟಿ ಓಡಿದವನು ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಪ್ರತಿ ವರ್ಷ ಒಂದು ದಿನ ದೊಡ್ಡ ಟೀಚರ್ ಫೋನ್ ಬರುತ್ತಿತ್ತು. "ಐದು ನಿಮಿಷ ಇದೆಯೇನೋ?"

"ಮುಂದಿನ ವಾರ ಬರ್ತೀನಿ ಟೀಚರ್."

ಆ ಮುಂದಿನ ವಾರ ಬರಲೇ ಇಲ್ಲ.

*

ಚಿತಾಗಾರದ ಹಾಲಿನಲ್ಲಿ ಒಂದೊಂದು ಶವಕ್ಕೂ ಇಪ್ಪತ್ತು ನಿಮಿಷ. ಸಣ್ಣ ಟೀಚರ್ ತಲೆ ಎಣಿಸಿದರು. ದರ್ಜಿ, ಡ್ರೈವರ್, ನೆರೆಮನೆಯ ಮೂವರು, ಶಾಲೆಯ ಗುಮಾಸ್ತ, ಹಳೆಯ ವಿದ್ಯಾರ್ಥಿನಿಯರು ಇಬ್ಬರು, ಜೊತೆಗೆ ತಾವು.

"ಒಂಬತ್ತೇ ಆಯ್ತಲ್ಲೋ."

"ನಡೆಯುತ್ತೆ ಬಿಡಮ್ಮ," ಎಂದರು ದರ್ಜಿ.

"ನಡೆಯಲ್ಲ. ನಿಮ್ಮಕ್ಕ ಇದ್ದಿದ್ರೆ ಒಪ್ಪುತ್ತಿದ್ರಾ ಹೇಳಿ."

ಮೆಕ್ಯಾನಿಕ್‌ಗೆ ಒಳಗೊಳಗೇ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಅಷ್ಟರಲ್ಲಿ ಹಾಲಿನ ಕಾವಲುಗಾರ ಪೊರಕೆ ಹಿಡಿದು ಒಳಗೆ ಬಂದ. "ಹನ್ನೆರಡು ನಿಮಿಷ ಇದೆ. ಮುಂದಿನವರು ಆಗಲೇ ಬಂದು ನಿಂತಿದ್ದಾರೆ."

"ಬನ್ನಿ, ಕೂತ್ಕೊಳ್ಳಿ," ಎಂದರು ಸಣ್ಣ ಟೀಚರ್.

"ನಾನಾ? ಇವರು ಯಾರು ಅಂತಾನೇ ನನಗೆ ಗೊತ್ತಿಲ್ಲಮ್ಮ."

"ಗೊತ್ತಾಗೋ ಹಾಗೆ ಇವನು ಹೇಳ್ತಾನೆ."

ಕಾವಲುಗಾರ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತ. ಸಣ್ಣ ಟೀಚರ್ ಗಡಿಯಾರ ನೋಡಿ ತಲೆಯಾಡಿಸಿದರು.

ಮೆಕ್ಯಾನಿಕ್ ಎದ್ದ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನ ಸ್ಕ್ರೂಡ್ರೈವರ್ ಹಿಡಿದುಕೊಂಡ.

"ಇವರು ನಮ್ಮ ಟೀಚರ್," ಎಂದ, ಕಾವಲುಗಾರನನ್ನೇ ನೋಡುತ್ತ. "ಊಟ ನಿಂತ್ಕೊಂಡೇ ಮಾಡೋರು. ಕೂತ್ರೆ ಯಾರಾದರೂ ಎಬ್ಬಿಸ್ತಾರೆ, ಅದಕ್ಕಿಂತ ಇದೇ ವಾಸಿ ಅನ್ನೋರು. ಲೆಕ್ಕ ತಪ್ಪಿದ್ರೆ ಬೈತಿರಲಿಲ್ಲ. ಈ ತಪ್ಪಿಗೆ ಹೇಗೆ ಬಂದೆ, ದಾರಿ ತೋರಿಸು ಅನ್ನೋರು. ಹಾಗೆ ತೋರಿಸೋಕೆ ಹೋಗಿ ನನಗೆ ಸರಿ ದಾರಿ ಸಿಗ್ತಿತ್ತು. ನಾನು ಇವತ್ತಿಗೂ ಲಿಫ್ಟ್ ಕೆಟ್ರೆ ಹಾಗೇ ನೋಡೋದು. ಒಬ್ಬ ಹುಡುಗ ಹದಿನೈದು ದಿನ ಬರಲಿಲ್ಲ ಅಂತ ಅವನು ಕೆಲಸ ಮಾಡೋ ಅಂಗಡಿಗೇ ಹೋಗಿ, ಮೂಟೆ ಮೇಲೆ ಕೂತು ಪಾಠ ಹೇಳಿಬಂದ್ರು..."

ಸಣ್ಣ ಟೀಚರ್ ಎರಡು ಬೆರಳು ತೋರಿಸಿದರು. ಇನ್ನೂ ಎರಡು ನಿಮಿಷ. ಅವನ ಕಣ್ಣು ಬಾಗಿಲ ಕಡೆ ಹೋಯಿತು. ಕಾವಲುಗಾರ ಬಾಗಿಲನ್ನು ಅರ್ಧ ತೆರೆದೇ ಹಿಡಿದಿದ್ದ. ಓಡಬಹುದಿತ್ತು.

"ಮೂರು ವಾರದ ಹಿಂದೆ ಫೋನ್ ಮಾಡಿದ್ರು," ಎಂದ ಅವನು. "ನನಗೇನೂ ಕೆಲಸ ಇರಲಿಲ್ಲ. ಟೀ ಕುಡೀತಾ ಕೂತಿದ್ದೆ. ಇವರ ಹೆಸರು ನೋಡಿ ಫೋನ್ ಜೇಬಿಗೆ ಹಾಕ್ಕೊಂಡೆ. ಅದು ನಿಲ್ಲೋವರೆಗೂ ತೊಡೆ ಮೇಲೆ ನಡುಗ್ತಾ ಇತ್ತು. ಆಮೇಲೆ ಮಾಡಿದ್ರಾಯ್ತು ಅಂದ್ಕೊಂಡೆ. ಹದಿನೆಂಟು ವರ್ಷ ಹಾಗೇ ಅಂದ್ಕೊಂಡೆ. ಇವರು ನನ್ನನ್ನ ಬಿಡಲಿಲ್ಲ. ನಾನೇ ಇವರನ್ನ ಬಿಟ್ಟೆ. ಅಷ್ಟೇ ನನಗೆ ಗೊತ್ತಿರೋದು."

ಅಷ್ಟೇ ಎಂದವನು ಕೂರಲಿಲ್ಲ. ಅಜ್ಜಿಯ ವಿಷಯ ಬಂತು, ಡಿಕ್ಷನರಿಯ ವಿಷಯ ಬಂತು. ಹೊರಗೆ ಯಾರೋ ಬಾಗಿಲು ತಟ್ಟಿದರು. ಕಾವಲುಗಾರ ತಿರುಗಿಯೂ ನೋಡಲಿಲ್ಲ.

"ಆರು ನಿಮಿಷ ಹತ್ತು ಸೆಕೆಂಡ್," ಎಂದರು ಸಣ್ಣ ಟೀಚರ್. ಹಾಳೆಯ ಅಡಿಯಲ್ಲಿ ಪೆನ್ನಿನಿಂದ ಸಹಿ ಹಾಕಿ, ಕೇಳಿದವರ ಸಹಿಗೆಂದು ಫೈಲನ್ನು ಸಾಲಿನಲ್ಲಿ ದಾಟಿಸಿದರು. ಹತ್ತನೆಯ ಸಹಿ ಕಾವಲುಗಾರನದು. ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಅಕ್ಷರ ಅಕ್ಷರವಾಗಿ ಬರೆದ.

"ಮೇಲಿನದನ್ನು ಅಳಿಸಬೇಕು. ಅದು ನೀನೇ ಮಾಡು," ಎಂದು ಸಣ್ಣ ಟೀಚರ್ ರಬ್ಬರ್ ಕೊಟ್ಟರು.

ಹಾಳೆಯ ತುಂಬ ಪೆನ್ಸಿಲಿನ ಹದಿನೆಂಟು ಸಾಲು. ಪ್ರತಿ ಸಾಲಿಗೂ ಒಂದು ತಾರೀಖು, ಹದಿನೇಳರ ಎದುರಿಗೆ 'ಮುಂದಿನ ವಾರ ಬರ್ತಾನಂತೆ. ಇನ್ನೂ ಇಲ್ಲ'. ಅವನು ಫೈಲನ್ನು ಮಂಡಿಯ ಮೇಲಿಟ್ಟುಕೊಂಡು ಒಂದೊಂದಾಗಿ ಉಜ್ಜಿದ. ಹದಿನೇಳು ಹೋದವು. ಕೊನೆಯ ಸಾಲು ಮೂರು ವಾರದ ಹಿಂದಿನದು, ಅಕ್ಷರಗಳು ಸ್ವಲ್ಪ ನಡುಗಿದ್ದವು.

'ಫೋನ್ ಎತ್ತಲಿಲ್ಲ. ಕೆಲಸದಲ್ಲಿರಬೇಕು, ಪಾಪ. ಇನ್ನೂ ಇಲ್ಲ.'

ಅವನ ಕೈ ಅಲ್ಲೇ ನಿಂತಿತು. ಹೊರಗಿನವರು ಮತ್ತೆ ಬಾಗಿಲು ತಟ್ಟಿದರು. ಕಾವಲುಗಾರ ಬಾಗಿಲಿಗೆ ಕಾಲು ಅಡ್ಡ ಕೊಟ್ಟು, ಸಂದಿಯಿಂದ ತಲೆ ಹೊರಹಾಕಿ, "ಐದು ನಿಮಿಷ ಸಾರ್, ಇನ್ನೊಂದು ಐದೇ ನಿಮಿಷ," ಎನ್ನುತ್ತಿದ್ದ.