ಬೀರುವಿನಲ್ಲಿ ಹಾಡಿದವಳು

ಟಿವಿಯಲ್ಲಿದ್ದ ಹುಡುಗಿ ಬಾಯಿ ತೆರೆದಳು. ಹೊರಗೆ ಬಂದದ್ದು ಏವ್ರಿಲ್‌ಳ ದನಿ.

ಹ್ಯಾಮ್ ಸ್ಯಾಂಡ್‌ವಿಚ್‌ಗಳ ತಟ್ಟೆ ಹಿಡಿದು ಸೋಫಾದ ಹಿಂದೆ ನಿಂತಿದ್ದ ಏವ್ರಿಲ್ ಸ್ಟಾನಿಫರ್ತ್ ಹಾಗೆಯೇ ನಿಂತುಬಿಟ್ಟಳು. ಹುಡುಗಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಬೆಳ್ಳಿ ಬಣ್ಣದ ತುಂಡು ಅಂಗಿ, ಕಡ್ಡಿಯಂಥ ಕಾಲು. ಅವಳ ಹಿಂದೆ ಕೀಬೋರ್ಡಿನ ಮೇಲೆ ತಲೆ ಬಗ್ಗಿಸಿ ನಿಂತವನು ಏವ್ರಿಲ್‌ಳ ಅಕ್ಕನ ಮಗ ಕ್ರೇಗ್, ಪಕ್ಕದಲ್ಲಿದ್ದವನು ಅವನ ಗೆಳೆಯ ನೈಜೆಲ್. 'ದೀಪ ಆರಿಸಬೇಡ, ನಾ ಬರುವೆ' ಎಂದು ಏವ್ರಿಲ್‌ಳ ದನಿ ಮೇಲಕ್ಕೇರಿತು. ಹುಡುಗಿ ಎರಡೂ ತೋಳು ಚಾಚಿ, ಕಣ್ಣು ಮುಚ್ಚಿ, ಅದಕ್ಕೆ ಸರಿಯಾಗಿ ತುಟಿ ಆಡಿಸಿದಳು. ಒಂದಕ್ಷರವೂ ತಪ್ಪಲಿಲ್ಲ. ಕನ್ನಡಿಯ ಮುಂದೆ ಬಹಳ ಅಭ್ಯಾಸ ಮಾಡಿರಬೇಕು.

ಸೋಫಾದ ತುಂಬ ಜನ. ಗುರುವಾರ ಸಂಜೆ ನನ್ನ ಹಾಡು ಟಿವಿಯಲ್ಲಿ ಬರುತ್ತದೆ, ಚಹಾಕ್ಕೆ ಬನ್ನಿ ಎಂದು ಬೀದಿಯವರನ್ನೆಲ್ಲ ಕರೆದವಳು ಏವ್ರಿಲ್‌ಳೇ. ಪಕ್ಕದ ಮನೆಯ ಮುದುಕಿ ಈನಿಡ್ ಮೊಣಕಾಲ ಮೇಲೆ ಟ್ರೈಫಲ್ ಸಿಹಿತಿಂಡಿಯ ಬಟ್ಟಲಿಟ್ಟುಕೊಂಡು ಮುಂದೆಯೇ ಕೂತಿದ್ದಳು.

"ಚೆನ್ನಾಗಿ ಹಾಡ್ತಾಳೆ ಕಣೇ ಈ ಹುಡುಗಿ," ಎಂದಳು ಈನಿಡ್. "ನಿಂದು ಯಾವಾಗ ಬರತ್ತೆ?"

ಏವ್ರಿಲ್‌ಳ ಗಂಡ ಕ್ಲೈವ್ ತಾನು ದುಡಿಯುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಿಹೋದ ದಿನವೂ ತಮಾಷೆ ಬಿಡದಿದ್ದ ಮನುಷ್ಯ. ಅವನೇ ಎದ್ದು ಹೋಗಿ, ಸರಿಯಾಗಿಯೇ ಇದ್ದ ಕಿಟಕಿ ಪರದೆಯನ್ನು ಸರಿಮಾಡುತ್ತ ನಿಂತ. ಹಾಡು ಮುಗಿಯಿತು, ಚಪ್ಪಾಳೆ ಬಿತ್ತು, ಹುಡುಗಿ ಬಗ್ಗಿ ವಂದಿಸಿದಳು. ಏವ್ರಿಲ್ ತಟ್ಟೆಯನ್ನು ಎಲ್ಲರ ಮುಂದೆ ಹಿಡಿಯುತ್ತ ಬಂದಳು. ಬೇಡವೆನ್ನಲಾರದೆ ಎಲ್ಲರೂ ಒಂದೊಂದು ಎತ್ತಿಕೊಂಡರು.

ಏವ್ರಿಲ್ ಅದನ್ನು ಕ್ರೇಗ್‌ನ ರೆಕಾರ್ಡಿಗಾಗಿ ಹಾಡಿದ್ದು ಕಳೆದ ಚಳಿಗಾಲದ ಒಂದು ಭಾನುವಾರ, ಅಕ್ಕನ ಮನೆಯ ಮಹಡಿಯಲ್ಲಿ, ಅವನ ಬಟ್ಟೆ ಬೀರುವಿನೊಳಗೆ. ಕೋಣೆಯ ಗೋಡೆಗಳಿಗೆ ದನಿ ಬಡಿದು ಹಾಳಾಗುತ್ತದೆ, ಕೋಟುಗಳ ನಡುವೆ ನಿಂತರೆ ಶುದ್ಧವಾಗಿ ಬರುತ್ತದೆ ಎಂದು ಅವನು ಹೇಳಿದ್ದ. ರಾದರಂ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸುವ ಹೆಂಗಸು, ಶನಿವಾರ ಸಂಜೆ ಕಾರ್ಮಿಕರ ಕ್ಲಬ್ಬಿನಲ್ಲಿ ಬಿಂಗೋ ಆಟದ ನಡುವೆ ಹಾಡುವವಳು, ತೀರಿಹೋದ ಭಾವನ ಮಳೆಕೋಟಿಗೆ ಮೂಗು ತಾಗಿಸಿಕೊಂಡು, ನುಸಿಗುಳಿಗೆಯ ವಾಸನೆಯಲ್ಲಿ, ಕತ್ತಲಲ್ಲಿ ಹಾಡಿದಳು. ಸಾಲು ಏನಿರಲಿ ಎಂದು ಅವನು ಕೇಳಿದಾಗ ಬಾಯಿಗೆ ಬಂದದ್ದು ಅಪ್ಪನ ಮಾತು. ರಾತ್ರಿ ಪಾಳಿಗೆ ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು ದಿನಾ ಅದನ್ನೇ ಹೇಳುತ್ತಿದ್ದ. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಕ್ರೇಗ್ ಬಿಸಿ ಬಿಸಿ ಮೀನು, ಆಲೂಗಡ್ಡೆ ಚಿಪ್ಸ್ ತಂದುಕೊಟ್ಟ. ಅದೇ ಸಂಭಾವನೆ, ಅವಳಿಗೆ ಅದು ಸಾಕಾಗಿತ್ತು.

ಆಮೇಲೆ ಅವನು ರೆಕಾರ್ಡ್ ತಂದ. ಅದರ ನಡುವೆ ಬರಿ ಬಿಳಿ ಚೀಟಿ, ಮೇಲೆ ಹೆಸರಿಲ್ಲ, ಊರಿಲ್ಲ. ಹೊಸ ರೆಕಾರ್ಡ್ ಮೊದಲು ಹೀಗೇ ಕಾರಿನ ಡಿಕ್ಕಿಯಲ್ಲಿ ಅಂಗಡಿ ಅಂಗಡಿಗೆ ಹೋಗುತ್ತದೆ, ಯಾರದ್ದೆಂದು ಗೊತ್ತಿಲ್ಲದಿದ್ದರೇ ಜನ ಹುಡುಕಿಕೊಂಡು ಬರುತ್ತಾರೆ ಎಂದ. ತನ್ನ ತಂಡದ ಹೆಸರು 'ನೈಟ್ ಫರ್ನೇಸ್' ಅನ್ನುವುದನ್ನೂ ಅದರ ಮೇಲೆ ಹಾಕಿರಲಿಲ್ಲ. ಹಾಗಾಗಿ ತನ್ನ ಹೆಸರು ಎಲ್ಲಿ ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹಾಡು ಕೇಳಿ ಮಾತ್ರ ನಕ್ಕಿದ್ದಳು. ಆ ಒಂದೇ ಸಾಲು ಮತ್ತೆ ಮತ್ತೆ, ಒಂದರ ಬಾಲಕ್ಕೆ ಇನ್ನೊಂದು, ಎಲ್ಲೂ ನಿಲ್ಲದೆ ಓಡುತ್ತಿತ್ತು. ನಾನು ಯಾವಾಗ ಉಸಿರಾಡಿದೆನಪ್ಪಾ ಎಂದು ಕೇಳಿದ್ದಳು. ಉಸಿರನ್ನೆಲ್ಲ ಕತ್ತರಿಸಿ ತೆಗೆದಿದ್ದೇನೆ ಎಂದು ಅವನು ಹೆಮ್ಮೆಯಿಂದ ಹೇಳಿದ್ದ.

ಶುಕ್ರವಾರ ಸಂಜೆ ಕ್ರೇಗ್ ಲಂಡನ್ನಿನಿಂದ ನೇರ ಅವಳ ಅಡುಗೆಮನೆಗೆ ಬಂದ. ಮುಖ ಬಿಳಿಚಿಕೊಂಡಿತ್ತು. ಏವ್ರಿಲ್ ಅಭ್ಯಾಸಬಲದಿಂದ ಕೆಟಲ್ ಇಟ್ಟಳು. ರೆಕಾರ್ಡ್ ಕಂಪನಿಯವರು ಹಾಡಿಗೊಂದು ಮುಖ ಬೇಕೆಂದರು, ಅವರೇ ಹುಡುಗಿಯನ್ನು ಕರೆತಂದರು, ಬೇಡವೆಂದಿದ್ದರೆ ಟಿವಿಯೇ ಇರುತ್ತಿರಲಿಲ್ಲ, ಎಲ್ಲ ತಂಡಗಳೂ ಹೀಗೇ ಮಾಡುತ್ತವೆ ಎಂದು ಅವನು ಒಂದೇ ಸಮ ಒದರಿದ. ಫೋನ್ ಮಾಡಬೇಕೆಂದುಕೊಂಡೆ, ಧೈರ್ಯ ಬರಲಿಲ್ಲ ಎಂದ.

"ನನ್ನ ಮುಖಕ್ಕೆ ಏನಾಗಿದೆ?"

"ಹಂಗಲ್ಲ ಆಂಟಿ."

"ಮತ್ತೆ ಹೆಂಗೆ?"

ಅವನು ಮೇಜಿನ ಮೇಲಿದ್ದ ಸಕ್ಕರೆ ಕಣಗಳನ್ನು ಬೆರಳಿಂದ ಒಟ್ಟುಮಾಡುತ್ತ ಕೂತ. ಏವ್ರಿಲ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ಆ ಹುಡುಗಿಯದೇ ಯೋಚನೆ ಕೊರೆಯುತ್ತಿತ್ತು. ಇನ್ನೊಬ್ಬಳ ಅಪ್ಪನ ಮಾತಿಗೆ ಕಣ್ಣು ಮುಚ್ಚಿ ತೋಳು ಚಾಚಿದಳಲ್ಲ, ಅದು ಯಾರ ದನಿಯೆಂದು ಅವಳಿಗೆ ಅನ್ನಿಸಲಿಲ್ಲವೇ?

"ಆ ಮಗು ಕೇಳ್ಲಿಲ್ವಾ, ಇದು ಯಾರು ಹಾಡಿದ್ದು ಅಂತ?"

"ಕೇಳಿದ್ಲು."

"ಏನಂದ್ರಿ?"

ಕ್ರೇಗ್ ಬಾಗಿಲ ಕಡೆ ನೋಡಿದ. ಅಲ್ಲಿ ಕ್ಲೈವ್ ನಿಂತಿದ್ದ.

"ಹಳೇ ಅಮೆರಿಕನ್ ರೆಕಾರ್ಡಿಂದ ತಗೊಂಡಿದ್ದು ಅಂದ್ವಿ. ಎಲ್ರೂ ಹಂಗೆ ತಗೋತಾರಲ್ಲ, ನಂಬ್ತಾಳೆ ಅಂತ. ಹಾಡಿದೋಳು ಸತ್ತು ಬಹಳ ವರ್ಷ ಆಯ್ತು ಅಂದ್ವಿ."

ಕೆಟಲ್ ಕುದಿದು ತಾನಾಗಿ ಆರಿತು. ಏವ್ರಿಲ್ ಕುರ್ಚಿ ಎಳೆದುಕೊಂಡು ಕೂತಳು. ಮುಖ ಬೇಡವೆಂದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಕನ್ನಡಿಯೂ ಅವಳಿಗೆ ಆಗಾಗ ಅದನ್ನೇ ಹೇಳುತ್ತಿತ್ತು. ಆದರೆ ಎತ್ತಿ ಆಡಿಸಿದ ಮಗು, ತನ್ನ ಕೈಯ ಊಟ ಉಂಡವನು, ಬಾಯಿ ತೆರೆದು ಅವಳನ್ನು ಸಾಯಿಸಿ ಬಂದಿದ್ದ. ಅವಳಿಗೆ ಅಳು ಬರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡಳು, ಉಸಿರು ಇದೆಯೋ ಇಲ್ಲವೋ ನೋಡುವವಳಂತೆ.

"ಎದ್ದು ನಡಿ," ಎಂದ ಕ್ಲೈವ್. ಕ್ರೇಗ್ ಎದ್ದು ಹೋದ.

ಶನಿವಾರ ಕ್ಲಬ್ಬಿಗೆ ಹೋಗುವುದು ಬೇಡವೆಂದು ಕ್ಲೈವ್ ಹೇಳಿನೋಡಿದ. ಏವ್ರಿಲ್ ಎಂದಿನ ನೀಲಿ ಉಡುಪು ಹಾಕಿಕೊಂಡು ಹೊರಟೇಬಿಟ್ಟಳು. ಮನೆಯಲ್ಲಿ ಕೂತರೆ, ಹಾಡಿದವಳು ಸತ್ತಳೆಂಬ ಅವರ ಮಾತೇ ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಬೀದಿಯ ಸುದ್ದಿ ಅವಳಿಗಿಂತ ಮುಂಚೆ ಅಲ್ಲಿ ತಲುಪಿತ್ತು. ಕೆಲವರು ಪಾಪವೆಂದು ನೋಡಿದರು, ಕೆಲವರು ಇವಳು ಸುಳ್ಳು ಹೇಳಿರಬೇಕೆಂದು ನೋಡಿದರು. ಹಾಡುಗಾರರನ್ನು ಗೊತ್ತುಮಾಡುವ ವಾಲ್ಟ್‌ಗೆ ಇದೊಂದೂ ತಿಳಿಯದು. ಮೊದಲ ಬಿಂಗೋ ಮುಗಿಯುತ್ತಲೇ ಅವನು ಮೈಕ್ ತಟ್ಟಿದ.

"ನಮ್ಮ ಏವ್ರಿಲ್ ಈಗ ಆ ಟಿವಿ ಹುಡುಗಿಯ ಹಾಡು ಹಾಡ್ತಾಳೆ. ಹಿಂದೆ ಕೂತೋರು ಸ್ವಲ್ಪ ಬಾಯಿ ಮುಚ್ಚಿ."

ಯಾರೋ ನಕ್ಕರು. ಆರ್ಗನ್ ನುಡಿಸುವ ಮುದುಕ ರೇಡಿಯೋದಲ್ಲಿ ಕೇಳಿ ಕಲಿತಷ್ಟನ್ನು ಹುಡುಕುತ್ತ ಶುರುಮಾಡಿದ. ಏವ್ರಿಲ್ ಹಾಡಿದಳು. ಮೊದಲ ಸಲದ ಸಾಲು ಸರಾಗವಾಗಿ ಹೋಯಿತು. ಎರಡನೆಯದಕ್ಕೂ ದಮ್ಮು ಸಾಲಿತು. ರೆಕಾರ್ಡಿನಲ್ಲಿದ್ದಂತೆ ಸಾಲಿನ ಬೆನ್ನಿಗೆ ಸಾಲು ಕೂಡಿಸುತ್ತ ಹೋದಂತೆ ಕುತ್ತಿಗೆಯ ನರ ಉಬ್ಬಿತು, ಕಣ್ಣು ಕತ್ತಲಿಟ್ಟಿತು. ಮುಂದಿನ ಮೇಜಿನವರು ತುಟಿ ಆಡಿಸುತ್ತ ಅವಳಿಗಿಂತ ಮುಂದೆ ಓಡುತ್ತಿದ್ದರು, ಅವರಿಗೆ ಹಾಡು ಬಾಯಿಪಾಠವಾಗಿತ್ತು. ದೂರದ ಬಾಗಿಲ ಬಳಿ ಕೋಟು ಬಿಚ್ಚದೆ ನಿಂತಿದ್ದ ಕ್ರೇಗ್ ಕಂಡ.

ಏವ್ರಿಲ್ ನಿಲ್ಲಿಸಿದಳು.

ಆರ್ಗನ್ ಒಂದೆರಡು ಹೆಜ್ಜೆ ಮುಂದೆ ಹೋಗಿ ತಾನೂ ನಿಂತಿತು. ಅವಳು ಮೈಕನ್ನು ಬಾಯಿಗೆ ಹತ್ತಿರ ತಂದು, ಬಾಯಿ ತೆರೆದು, ಉಸಿರು ಎಳೆದುಕೊಂಡಳು. ಆ ಒರಟು ಸದ್ದು ಗೋಡೆಗಳಿಗೆ ಬಡಿದು ಇಡೀ ಕ್ಲಬ್ಬಿಗೆ ಕೇಳಿಸಿತು. ಬಾರಿನಲ್ಲಿ ಗ್ಲಾಸು ತುಂಬಿಸುತ್ತಿದ್ದವನು ತಿರುಗಿ ನೋಡಿದ. ಅವಳು ಇನ್ನೊಮ್ಮೆ ಎಳೆದುಕೊಂಡಳು, ನಿಧಾನವಾಗಿ, ತಲೆ ಎತ್ತಿ, ಬಾಗಿಲ ಕಡೆ ನೋಡುತ್ತ. ಆಮೇಲೆ ಆ ಸಾಲನ್ನು ಕೊನೆಯ ಸಲ ಅಪ್ಪ ಹೇಳುತ್ತಿದ್ದ ಹಾಗೆ, ರಾಗವಿಲ್ಲದೆ, ಹೇಳಿ ಮುಗಿಸಿದಳು.

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಏವ್ರಿಲ್ ಇಳಿದು ಬಂದು, ಬಿಂಗೋ ಆಡಲು ಬಂದಿದ್ದ ಈನಿಡ್‌ಳ ಪಕ್ಕ ಕೂತಳು.

"ಆ ಹುಡುಗಿ ಹಾಡಿದಾಗ ನಡುವೆ ಆ ಸದ್ದು ಇರಲಿಲ್ಲ ಕಣೇ," ಎಂದಳು ಈನಿಡ್, ಅವಳ ಕೈ ಹಿಡಿದು.

"ಇಲ್ಲ, ಇರಲಿಲ್ಲ," ಎಂದಳು ಏವ್ರಿಲ್.

ವಾಲ್ಟ್ ಮುಂದಿನ ಆಟದ ಅಂಕೆಗಳನ್ನು ಕೂಗತೊಡಗಿದ. ಜನ ತಲೆ ತಗ್ಗಿಸಿ ತಮ್ಮ ತಮ್ಮ ಕಾರ್ಡುಗಳಲ್ಲಿ ಗುರುತು ಹಾಕುತ್ತ ಹೋದರು. ಬಾಗಿಲ ಬಳಿ ಕ್ರೇಗ್ ಇನ್ನೂ ನಿಂತೇ ಇದ್ದ. ಏವ್ರಿಲ್‌ಳ ನೀಲಿ ಉಡುಪಿನ ಎದೆ ಜೋರಾಗಿ ಏರುತ್ತ ಇಳಿಯುತ್ತ ಇತ್ತು.